ನಮ್ಮ ಓಣಿಯಲ್ಲಿ ಅಪಾಯವೇ ಇಲ್ಲವಂತೆ

ಇಳಕಲ್ಲಿನ ನಮ್ಮ ಓಣಿಗೆ ಅಪಾಯಗಳಿಗಿಂತ ಅಪಾಯ ಹುಡುಕಲು ಬರುವವರ ಕಾಟವೇ ಹೆಚ್ಚು. ನಾನು ಹುಟ್ಟಿದ್ದು ಕುಂದಾಪುರದ ಕಡೆ. ನರ್ಸ್ ಕೆಲಸಕ್ಕೆಂದು ಈ ಕಡೆ ಬಂದವಳು ಇಲ್ಲೇ ಮುದುಕಿಯಾದೆ. ಸಿಟ್ಟು ಮಾತ್ರ ಇನ್ನೂ ಹರೆಯದಲ್ಲೇ ಇದೆ, ಅದಕ್ಕೆ ಕಾರಣ ಒಂದು ಗಟಾರ.

ಓಣಿಯ ಉದ್ದಕ್ಕೂ ಹರಿಯುವ ಆ ದೊಡ್ಡ ಗಟಾರದ ಹಾಸುಗಲ್ಲು ಅಲ್ಲಲ್ಲಿ ಮುರಿದು ಬಾಯಿ ತೆರೆದಿದೆ. ಮುರಿದ ಕಲ್ಲು ಒಳಗೇ ಬಿದ್ದು ನೀರು ಕಟ್ಟುತ್ತದೆ. ಜೋರು ಮಳೆ ಬಂದರೆ ಆ ಹೊಲಸು ನೀರು ಪಕ್ಕದ ಮನೆಗೆ ನುಗ್ಗಿ ಮಗ್ಗದ ಕುಣಿ ತುಂಬುತ್ತದೆ. ಕುಣಿಯಲ್ಲಿ ಕಾಲಿಳಿಸಿ ಕೂತು ಸೀರೆ ನೇಯುವ ಆ ಮನೆಯ ಹೆಂಗಸಿಗೆ ಬೇರೆ ಅನ್ನದ ದಾರಿಯಿಲ್ಲ. ಸ್ಥಳೀಯ ಅಪಾಯಗಳನ್ನು ಗುರುತಿಸಲು ಸಮಿತಿ ಮಾಡುತ್ತಾರೆಂದು ತಿಳಿದಾಗ ನಾನೂ ಸೇರಿದೆ. ಮಳೆಗಾಲಕ್ಕೆ ಮೊದಲು ಗಟಾರ ಸರಿಯಾಗಬೇಕು, ಅದೊಂದೇ ನನ್ನ ಹಟ.

ಸಮುದ್ರ

ಮೊದಲು ಸಮೀಕ್ಷೆಗೆ ಬಂದವನು ಮೊಬೈಲು ಹಿಡಿದ ಒಬ್ಬ ತರುಣ.

"ಸಮುದ್ರ ಉಕ್ಕಿ ಬರೂ ಭಯ ಐತೇನ್ರಿ?"

"ಇಳಕಲ್ಲಿಗೆ ಸಮುದ್ರ ಎಲ್ಲಿಂದ ಬರಬೇಕಪ್ಪ?"

"ಇಲ್ಲ ಅಂತ ಒತ್ತಿದ್ರ ಮುಂದಿನ ಪ್ರಶ್ನಿ ತೆರಿಯೂದಿಲ್ರಿ. ನೀವು ಯಾವ ಕಡಿಯವ್ರು?"

"ಕರಾವಳಿ."

"ಹಂಗಾದ್ರ ನಿಮಗ ಭಯ ಇದ್ದ ಇರ್ತೈತಿ," ಎಂದವನೇ ‘ಹೌದು’ ಒತ್ತಿಬಿಟ್ಟ. ಗಟಾರದ ವಿಷಯ ಬರೆದುಕೋ ಎಂದು ಗದರಿದೆ. ಅದಕ್ಕೆ ಇದರಲ್ಲಿ ಜಾಗವಿಲ್ಲ ಎಂದ. ಹೀಗೆ ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ಸಮುದ್ರದ ಪಾಲಾಗಬಹುದಾದ ಒಬ್ಬಳೇ ಮುದುಕಿ ನಾನಾದೆ.

ಕನ್ಯೆ ಕೊಡುವವರು

ಸಮಿತಿಯ ಸಭೆ ಅಧ್ಯಕ್ಷರ ಮನೆಯ ಕಟ್ಟೆಯ ಮೇಲೆ ಸೇರಿತು. ಅಧ್ಯಕ್ಷರೆಂದರೆ ಓಣಿಯ ಹಿರಿಯರು, ಮಡಿಕೆ ಮುರಿಯದ ಬಿಳಿ ಧೋತರದವರು. ಬಾದಾಮಿಯಿಂದ ಬಂದು ನೆಲೆಸಿದ ಕಿರಾಣಿ ಅಂಗಡಿಯವರು, ಮಂಗಗಳೇ ಎಲ್ಲಕ್ಕಿಂತ ದೊಡ್ಡ ಅಪಾಯ ಎಂದರು.

"ನಮ್ಮ ಓಣ್ಯಾಗ ಮಂಗ್ಯಾ ಎಲ್ಲಿ ಅದಾವ್ರಿ?" ಎಂದರು ಅಧ್ಯಕ್ಷರು.

"ಬರೂತನಕ ಕಾಯೂದೇನ್ರಿ? ಮುಂಜಾಗ್ರತಿ ಅಂದ್ರ ಏನ್ ಮತ್ತ?"

ನಾನು ಗಟಾರದ ಮಾತೆತ್ತಿದೆ. ಅಧ್ಯಕ್ಷರು ಕೈಮುಗಿದೇಬಿಟ್ಟರು. "ಅಮ್ಮಾರ, ನಮ್ಮ ಓಣಿ ಅಪಾಯದ್ದು ಅಂತ ಬರದ್ರ ನಮ್ಮ ಹುಡುಗರಿಗೆ ಯಾರು ಕನ್ಯಾ ಕೊಡ್ತಾರ್ರಿ? ಮೊದಲಽ ಕನ್ಯಾ ಸಿಗವಲ್ಲವು."

ಮಗನಿಗೆ ಹೆಣ್ಣು ಹುಡುಕುತ್ತಿದ್ದವರೆಲ್ಲ ಹೂಂಗುಟ್ಟಿದರು. ಓಣಿಯಲ್ಲಿ ಯಾವ ಅಪಾಯವೂ ಇಲ್ಲ ಎಂದು ಠರಾವಾಯಿತು. ನನಗೆ ಮೈಯೆಲ್ಲ ಉರಿಯಿತು. "ಬಂದ ಸೊಸೆ ಮೊದಲ ದಿನವೇ ಆ ಗಟಾರಕ್ಕೆ ಬೀಳುತ್ತಾಳೆ, ನೋಡುತ್ತಿರಿ!" ಎಂದು ಕೂಗಿ ಎದ್ದೆ.

ಹಿಂದಿನಿಂದ ಯಾರೋ ಸಮಾಧಾನ ಹೇಳಿದರು: "ಲಗ್ನದ ಅಕ್ಕಿಕಾಳು ಬಿದ್ದಮ್ಯಾಲ ಅಕಿ ಬಿದ್ರ ನಡೀತೈತ್ರಿ."

ಹುನಗುಂದದ ತರಬೇತಿ

ಮುಂದೆ ತರಬೇತಿಗೆಂದು ಹುನಗುಂದಕ್ಕೆ ಕರೆದರು. ಪಕ್ಕದ ಮನೆಯ ನೇಕಾರ ಹೆಂಗಸನ್ನೂ ಕರೆದುಕೊಂಡು ಬಸ್ಸಿನಲ್ಲಿ ಜೋತಾಡುತ್ತ ಹೋದೆ. ತರಬೇತಿ ಕೊಡುವವರು ಬೆಂಗಳೂರಿನವರು. "ಬೆಂಕಿ ಬಿದ್ದಾಗ ಗಾಬರಿಯಾಗಬಾರದು. ಹಿಂದಿನ ಬಾಗಿಲಿನಿಂದ ಸಾಲಾಗಿ ಹೊರಗೆ ಹೋಗಬೇಕು. ಎಲ್ಲಿ, ಹೋಗಿ ನೋಡೋಣ," ಎಂದರು.

ಸಾಲಾಗಿ ಹೋದೆವು. ಬಾಗಿಲಿಗೆ ಬೀಗ.

"ಬೀಗದ ಕೈ ಎಲ್ಲಿ?"

"ಸಿಪಾಯಿ ಹತ್ರ ಐತ್ರಿ," ಎಂದ ಅಲ್ಲಿನ ಕಚೇರಿಯ ಗುಮಾಸ್ತ.

"ಸಿಪಾಯಿ ಎಲ್ಲಿ?"

"ಕೆರೂರ ಸಂತಿಗೆ ಹೋಗ್ಯಾನ್ರಿ, ಆಡು ಮಾರಾಕ."

ಬೆಂಗಳೂರಿನ ಆ ಮನುಷ್ಯ ಸ್ವಲ್ಪವೂ ಅಳುಕಲಿಲ್ಲ. "ಹಾಗಾದರೆ ಸಂತೆಯ ದಿನ ಮಾತ್ರ ಮುಂಬಾಗಿಲು ಬಳಸಿ," ಎಂದರು.

"ಬೆಂಕಿಗೇನು ಸಂತೆಯ ವಾರ ಗೊತ್ತೇನ್ರೀ?" ಎಂದು ನಾನು ಕೂಗಾಡಿದೆ.

ಪಕ್ಕದ ಮನೆಯವಳು ನನ್ನ ಸೆರಗು ಜಗ್ಗಿದಳು. "ಬಿಡ್ರಿ ಅಮ್ಮಾರ, ಅವತ್ತ ಬೆಂಕೀನೂ ಸಂತಿಗೆ ಹೋಗಿರ್ತೈತಿ."

ಅಣಕು ಪ್ರವಾಹ

ಕೊನೆಗೆ ಪ್ರವಾಹದ ಅಣಕು ಕಾರ್ಯಾಚರಣೆ. ಪ್ರವಾಹ ಬಂದಿದೆ ಎಂದುಕೊಂಡು ನಾವೆಲ್ಲ ಹಾಸಿಗೆ ಹೊತ್ತು ಓಡಬೇಕು, ಬಾಗಲಕೋಟೆಯಿಂದ ಬಂದ ಸಾಹೇಬರು ಅದನ್ನು ನೋಡಬೇಕು. ಅಪಾಯವಿಲ್ಲದ ಓಣಿಯಲ್ಲಿ ಗಟಾರದ ಬಾಯಿ ಕಾಣಬಾರದಲ್ಲ! ಅಧ್ಯಕ್ಷರು ಪಕ್ಕದ ಮನೆಯ ಮುಂದಿನ ಬಾಯಿಗೆ ಅಡ್ಡಡ್ಡ ಕಟ್ಟಿಗೆ ಇಡಿಸಿ, ಮೇಲೆ ಜಮಖಾನೆ ಹಾಸಿಸಿದರು.

"ಕಾಕಾ, ಕೆಳಗ ಟೊಳ್ಳು ಐತ್ರಿ," ಎಂದಳು ಪಕ್ಕದ ಮನೆಯವಳು.

"ನನಗ ಹೇಳ್ತೀಯೇನವಾ? ಹಾಸಿಸಿದಾಂವ ನಾನ."

ಸಾಹೇಬರು ಬಂದರು. ದೊಡ್ಡವರಿಗೆ ಬೆನ್ನು ತೋರಿಸುವುದು ಮರ್ಯಾದೆಯಲ್ಲ. ಅಧ್ಯಕ್ಷರು ಮಾಲೆ ಹಾಕಿ, ಕೈಮುಗಿದು, "ಬರ್ರಿ ಸಾಹೇಬ್ರ, ಬರ್ರಿ," ಎನ್ನುತ್ತ ಹಿಂದೆ ಹಿಂದೆ ನಡೆದರು. ಕಟ್ಟಿಗೆ ಲಟಕ್ ಎಂದಿತು. ಮುಗಿದ ಕೈ ಮುಗಿದ ಹಾಗೇ ಜಮಖಾನೆಯ ಸಮೇತ ಒಳಗೆ ಹೋದರು.

"ಯಪ್ಪಾ, ಸತ್ತೆ! ಎತ್ತರ್ರೋ!"

ಸಾಹೇಬರು ಚಪ್ಪಾಳೆ ತಟ್ಟಿದರು. "ಭೇಷ್! ಇಷ್ಟು ಚಂದ ಯಾವ ಊರಲ್ಲೂ ಮಾಡಿಲ್ಲ." ಸಾಹೇಬರು ತಟ್ಟಿದ ಮೇಲೆ ಓಣಿಯೂ ತಟ್ಟಿತು.

"ನಾ ಖರೇನ ಬಿದ್ದೀನ್ರಲೇ!"

"ಮಾತೂ ಎಷ್ಟು ಸಹಜ ನೋಡಿ," ಎಂದು ಸಾಹೇಬರು ಮೊಬೈಲು ತೆಗೆದು ಚಿತ್ರೀಕರಿಸತೊಡಗಿದರು.

ಹಗ್ಗ ತಂದು ಇಳಿಬಿಟ್ಟವಳು ಪಕ್ಕದ ಮನೆಯವಳೇ. ತರಚಿದ ಮೊಣಕಾಲು ತೊಳೆದವಳು ನಾನು. ಸ್ಪಿರಿಟ್ಟನ್ನು ತುಸು ಹೆಚ್ಚೇ ಸುರಿದೆ.

ಮರುದಿನವೇ ಅಧ್ಯಕ್ಷರು ಕರೆಸಿದ ಕೆಲಸದವರು ಬಂದು ಅಲ್ಲಿ ಬಿದ್ದಿದ್ದ ಕಲ್ಲು ತೆಗೆದು, ಹೊಸ ಕಲ್ಲು ಹಾಸಿದರು. ಮುಂದಿನ ಜೋರು ಮಳೆಗೆ ಮಗ್ಗದ ಕುಣಿ ಒಣಗಿಯೇ ಇತ್ತು. ಆದರೆ ಮುಚ್ಚಿದ್ದು ಅಧ್ಯಕ್ಷರು ಬಿದ್ದ ಬಾಯಿ ಒಂದೇ. ಉಳಿದವು ಹಾಗೇ ತೆರೆದಿವೆ. ಬಡವರ ಮನೆಗೆ ನೀರು ನುಗ್ಗಿದರೆ ಅಪಾಯವಲ್ಲ, ದೊಡ್ಡವರ ಧೋತರ ತೊಯ್ದರೆ ಅಪಾಯವೇ ಎಂದು ನಾನು ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತು ಬೈಯುತ್ತಲೇ ಇದ್ದೆ.

ಅವಳು ಒಣ ಕುಣಿಯಲ್ಲಿ ಕಾಲಾಡಿಸುತ್ತ ಲಾಳಿ ಎಳೆದಳು.

"ಯಾಕ ಸಿಟ್ಟಾಗ್ತೀರಿ ಅಮ್ಮಾರ? ಉಳಿದ ಬಾಯಿಗೂ ಜಮಖಾನಿ ಹಾಸೂಣು. ಊರಾಗ ದೊಡ್ಡ ಮಂದಿಗೇನ ಬರ ಬಂದೈತೇನ್ರಿ?"