ಸುರ ಹಚ್ಚಿದ ಗಾಲಿ

ಇದಕ್ಕೆಲ್ಲ ಕಾರಣ ರೇವವ್ವನ ಎಮ್ಮೆ.

ಗೌರೀಶ ಗುಡಗೇರಿಯ ದಲಾಲಿ ಅಂಗಡಿಯೊಂದರಲ್ಲಿ ತೂಕ ನೋಡುವ ಮನುಷ್ಯ. ಸ್ವಂತ ಗಾಡಿ ಇಲ್ಲ. ಮಿಶ್ರಿಕೋಟಿಯ ಮಾವ ಶಂಭುಲಿಂಗಪ್ಪನವರು ತಾವಾಗಿಯೇ ಕರೆದು, ಎಂಟು ದಿನ ಇಟ್ಟುಕೊಳ್ಳಿರೆಂದು ತಮ್ಮ ಹಳೇ ಮೋಟರ್ ಸೈಕಲ್ ಕೊಟ್ಟಿದ್ದರು. ಅದನ್ನು ಹತ್ತಿ ಅವನು ಮುಂಜಾನೆ ಕುಂದಗೋಳಕ್ಕೆ ಹೊರಟಾಗ ಬಾಜೂ ಮನೆಯ ರೇವವ್ವ ಅಡ್ಡ ನಿಂತಳು.

"ತಮ್ಮಾ, ಬರೂ ಮುಂದ ಗಾಡಿ ಖಾಲೀನ ಬರತೈತಿ. ನನ್ನ ಎಮ್ಮಿಗೆ ಒಂದ ಚೀಲ ಹಿಂಡಿ ತಾರಪಾ."

ಒಲ್ಲೆ ಅನ್ನುವುದು ಗೌರೀಶನ ಬಾಯಿಗೆ ಬರುತ್ತಿರಲಿಲ್ಲ. ಕುಂದಗೋಳದ ಹಿಂಡಿ ಅಂಗಡಿ ಮುಟ್ಟುವಷ್ಟರಲ್ಲಿ ಎಮ್ಮೆಗೆ ಕರುವೂ ಇದೆ ಎಂದು ರೇವವ್ವನ ಫೋನು ಬಂತು. ಚೀಲ ಎರಡಾದವು.

ತಿರುಗಿ ಬರುವಾಗ ಊರ ರೈಲ್ವೆ ಗೇಟಿನಲ್ಲಿ ಹಳಿ ದಾಟುತ್ತಿದ್ದಂತೆ ಹಿಂದಿನ ಗಾಲಿಯಲ್ಲಿ ಟಣ್, ಟಣ್ ಎಂದಿತು. ಇಳಿದು ನೋಡಿದರೆ ಗಾಲಿಯ ನಾಲ್ಕು ಕಡ್ಡಿ ಮುರಿದು ಜೋತುಬಿದ್ದಿವೆ. ಉಳಿದವು ಮುದುಕನ ಹಲ್ಲಿನ ಹಾಗೆ ಅಲ್ಲಾಡುತ್ತಿವೆ. ರಿಮ್ಮು ಒಂದು ಬದಿಗೆ, ಗಲ್ಲದೊಳಗೆ ಎಲೆ ಅಡಿಕೆ ಇಟ್ಟುಕೊಂಡವರಂತೆ ಉಬ್ಬಿದೆ.

ಅದೇ ಹೊತ್ತಿಗೆ ಹೆಂಡತಿ ಅಮೃತಾಳ ಫೋನು. "ರೀ, ಅಪ್ಪಾ ಸಂಜೀ ರೈಲಿಗೆ ಬರಾಕತ್ತಾನ. ಗಾಡಿ ಒಯ್ಯತಾನಂತ. ಚಂದಂಗ ಒರಸಿ ಇಡ್ರಿ."

ಶಂಭುಲಿಂಗಪ್ಪನವರು ಬೈಯುವ ಮನುಷ್ಯರಲ್ಲ. ಬೈದಿದ್ದರೆ ಅಳಿಯಂದಿರು ಇಷ್ಟು ಅಂಜುತ್ತಿರಲಿಲ್ಲ. ಅವರು ಕಥೆ ಮಾಡಿ ಹೇಳುತ್ತಿದ್ದರು. ಮದುವೆಯಿರಲಿ, ಕುಬಸವಿರಲಿ, ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತು ನೋಡಿ, ಹಿರಿಯ ಅಳಿಯ ಬಾವಿಯಲ್ಲಿ ಕೊಡ ಬಿಟ್ಟ ಕಥೆ ತೆಗೆಯುತ್ತಿದ್ದರು. ಬೀಗರು ನಕ್ಕು ನಕ್ಕು ತುಪ್ಪ ನೆತ್ತಿಗೇರಿಸಿಕೊಳ್ಳುತ್ತಿದ್ದರು. ಆ ಅಳಿಯನ ನಿಜವಾದ ಹೆಸರು ಈಗ ಬಳಗದಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಎಲ್ಲರಿಗೂ ಆತ ಕೊಡದ ಅಳಿಯ. ಮುಂದಿನ ತಿಂಗಳು ಕಡೆಯ ಮಗಳು ದಾನೇಶ್ವರಿಯ ಮದುವೆ. ಅಷ್ಟರೊಳಗೆ ತಾನೊಂದು ಕಥೆಯಾಗಬಾರದು. ಗೌರೀಶನಿಗೆ ಬೇಕಾದದ್ದು ಅಷ್ಟೇ.

ಗಾಡಿ ದಬ್ಬಿಕೊಂಡು ಅಲ್ಲಾವುದ್ದೀನನ ಗ್ಯಾರೇಜಿಗೆ ಬಂದ. ಅಲ್ಲಾವುದ್ದೀನ ಗಾಲಿ ತಿರುವಿ ನೋಡಿ, ಸತ್ತವರ ಮನೆಗೆ ಬಂದವನ ಹಾಗೆ ತಲೆ ಆಡಿಸಿದ.

"ಅಣ್ಣಾರ, ನಾಕು ಹಾಕಿದ್ರ ನಾಳೆ ಮತ್ತ ನಾಕು ಹೋಗತಾವು. ಪೂರಾ ಬಿಚ್ಚಿ ಎಲ್ಲಾ ಕಡ್ಡಿ ಹೊಸಾವು ಕಟ್ಟಬೇಕು."

"ಸಂಜೀ ರೈಲಿನಾಗ ನಮ್ಮ ಮಾವಾರು ಬರತಾರೋ ಮಾರಾಯಾ! ಏನರ ಮಾಡು, ಅವರಿಗೆ ಗೊತ್ತಾಗಬಾರದು ನೋಡು."

ಅಷ್ಟರಲ್ಲಿ ಹಿಂಡಿ ಹುಡುಕುತ್ತ ರೇವವ್ವ ಬಂದಳು. ಮೊದಲು ಚೀಲ ಒತ್ತಿ ನೋಡಿ, ಆಮೇಲೆ ಗಾಲಿ ನೋಡಿದಳು. "ಅಯ್ಯ ನನ್ನಪ್ಪಾ! ಏನ್ ಗಾಡೀನೋ ಇದು! ನನ್ನ ಎಮ್ಮಿ ಮ್ಯಾಲೆ ಹೇರಿದ್ರ ಅದ ತಂದು ಹಾಕತಿತ್ತು" ಎಂದು ಅಲ್ಲೇ ಚೀಲದ ಮೇಲೆ ಕುಳಿತಳು.

ಅಲ್ಲಾವುದ್ದೀನ ಗಾಲಿ ಕಳಚಿ, ಟೈರು ಟ್ಯೂಬು ಬಿಡಿಸಿ, ಹೊಸ ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ಕಟ್ಟಿದ. ಬುಟ್ಟಿ ಹೆಣೆದಂತೆ ಕಾಣುತ್ತಿತ್ತು. ಇನ್ನು ಒಂದೊಂದನ್ನೇ ಬಿಗಿಮಾಡಿ ಗಾಲಿಯ ಡೊಂಕು ತೆಗೆಯಬೇಕು. ನಟ್ಟು ತಿರುವುವ ಪಾನಾದಿಂದ ಕಡ್ಡಿಗೆ ಟಿಣ್ ಎಂದು ಬಡಿದು, ಕಿವಿಗೊಟ್ಟು, ಸಡಿಲಾದದ್ದನ್ನು ತಿರುವುತ್ತಿದ್ದ.

ಎದುರು ಮನೆಯ ಕಟ್ಟೆಯ ಮೇಲೆ ಕೃಷ್ಣಾಜಿ ಮಾಸ್ತರು ಪೇಪರ್ ಓದುತ್ತಿದ್ದರು. ಸಾಲಿ ಬಿಟ್ಟು ಪಿಂಚಣಿಗೆ ಬಂದ ಮೇಲೆ ಅವರಿಗೆ ಹಾರ್ಮೋನಿಯಂ ಪೇಟಿ ಬಾರಿಸುವುದೊಂದೇ ಕೆಲಸ. ನಾಲ್ಕು ಸಲ ಟಿಣ್ ಎಂದದ್ದಕ್ಕೆ ಪೇಪರ್ ಮಡಚಿ ಎದ್ದುಬಂದರು.

"ಅಲ್ಲಾವುದ್ದೀನಾ, ಬೇಸೂರ ಆಗ್ಯಾವಲ್ಲೋ! ಇದು ಏರ್ಯದ, ಅದು ಇಳದದ. ಕಿವಿಗೆ ಚುಚ್ಚತಾವ."

"ಹೌದ್ರಿ ಸರ್, ನನಗೂ ಹಂಗ ಅನಸಾಕತ್ತಿತ್ತು" ಎಂದ ಅಲ್ಲಾವುದ್ದೀನ. ಅವನಿಗೂ ಹಾಡಿನ ಹುಚ್ಚು. ಗೌರೀಶ ಬೇಡ ಬೇಡ ಅನ್ನುವುದರೊಳಗೆ ಪೇಟಿ ಗ್ಯಾರೇಜಿಗೆ ಬಂತು. ಮಾಸ್ತರು ಗ್ರೀಸ್ ಡಬ್ಬಿಯ ಬಾಜೂ ಚಾಪೆ ಹಾಸಿ, ಪೇಟಿಯ ಎರಡನೇ ಕಪ್ಪು ಮನೆ ಒತ್ತಿ, ಕಾಳಿ ಎರಡರ ಸಾ ಹಿಡಿದು ಕುಳಿತರು. ಪೇಟಿ 'ಸಾ' ಅಂದಾಗ ಕಡ್ಡಿ 'ಟಿಣ್' ಅನ್ನಬೇಕು.

"ಇನ್ನ ಅರ್ಧಾ ಸುತ್ತು. ಏರಸು, ಏರಸು... ಹಾಂ! ಅಗದಿ ಕೂಡ್ತು!"

ಜನ ಕೂಡಿತು. ಒಂದೊಂದು ಕಡ್ಡಿ ಸುರಕ್ಕೆ ಹತ್ತಿದಾಗಲೂ ರೇವವ್ವ ಚೀಲದ ಮೇಲಿಂದಲೇ "ಭೇಷ್!" ಅನ್ನುತ್ತಿದ್ದಳು. ನಡುವೆ ಅಮೃತಾಳ ಫೋನು ಬಂತು.

"ಎಲ್ಲಿದೀರಿ? ಅದೇನ್ ಪೇಟಿ ಸಪ್ಪಳ?"

"ಭಜನಿ... ಭಜನಿಗೆ ಕುಂತೇನಿ."

"ಹಾಡಹಗಲ ಭಜನೀನ? ಇರಲಿ, ಅಪ್ಪಗ ಹೇಳತೇನಿ. ಅಳಿಯಾಗ ಭಕ್ತಿ ಹುಟ್ಟೇತಂತ ಖುಷಿ ಪಡತಾನ."

ಕಡೆಯ ಕಡ್ಡಿಯೂ ಕೂಡಿತು. ಅಲ್ಲಾವುದ್ದೀನ ಗಾಲಿಯನ್ನು ಸ್ಟ್ಯಾಂಡಿಗೆ ಏರಿಸಿ, ಕಡ್ಡಿಗಳ ಮೇಲೆ ಪಾನಾ ಆನಿಸಿ ತಿರುವಿದ. ಆಹಾ, ಒಂದೇ ಸುರ! ತಂಬೂರಿ ಮೀಟಿದಂತಿತ್ತು. ಮಾಸ್ತರು ಕಣ್ಣು ಮುಚ್ಚಿದರು. ಆದರೆ ಕಣ್ಣು ತೆರೆದಿದ್ದವರಿಗೆ ಬೇರೆಯೇ ಕಂಡಿತು. ಗಾಲಿ ಹೊಟ್ಟೆಬಿರಿಯ ತಿಂದೆದ್ದ ಹೋರಿಯ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಒಲೆಯುತ್ತಿತ್ತು.

"ಕೇಳಾಕ ಚಂದ ಐತಿ" ಎಂದಳು ರೇವವ್ವ. "ಕಣ್ಣ ಮುಚಗೊಂಡ ಹೊಡೀಬೇಕಷ್ಟ."

ಗೌರೀಶ ತಲೆಯ ಮೇಲೆ ಕೈಹೊತ್ತು ಕುಳಿತ. "ಯಪ್ಪಾ, ನನ್ನ ಮಾನ ಉಳಸ್ರೋ!"

ಮೊದಲಿಂದ ಶುರುವಾಯಿತು. ಉಬ್ಬಿದ ಕಡೆ ಸೀಮೆಸುಣ್ಣದ ಗುರುತು, ಈ ಬದಿಯದು ಸಡಿಲು, ಆ ಬದಿಯದು ಬಿಗಿ. ಅಲ್ಲಾವುದ್ದೀನ ಈ ಸಲ ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಮಾಸ್ತರು ಮುನಿಸಿನಿಂದ ಪೇಟಿ ಮುಚ್ಚಿದರು. ದಿನಾ ಸಂಜೆ ಸ್ಟೇಶನ್ನಿನ ಕಟ್ಟೆಗೆ ಹೋಗಿ ಕೂರುವುದು ಅವರ ರೂಢಿ. ಹೊರಡುವಾಗ ಗೌರೀಶ ಅವರ ಕೈ ಹಿಡಿದ.

"ಸರ್, ಅಲ್ಲೆ ನಮ್ಮ ಮಾವಾರು ಇಳೀತಾರ. ಈ ಗಾಲಿ ಸುದ್ದಿ ಮಾತ್ರ..."

"ಛೇ ಛೇ! ನಾ ಯಾಕ ಹೇಳಲಿಪಾ?"

ರೈಲು ಕೂಗುವುದಕ್ಕೂ ಗಾಲಿ ಗಾಡಿಗೆ ಕೂಡುವುದಕ್ಕೂ ಸರಿಹೋಯಿತು. ಗೌರೀಶ ಓಡಿಸಿ ನೋಡಿದ. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಎರಡೂ ಚೀಲವನ್ನು ತಲೆಯ ಮೇಲೆ ಹೊತ್ತು ರೇವವ್ವನ ಮನೆಗೆ ಮುಟ್ಟಿಸಿದ. ಗಾಡಿಯ ಮೇಲೆ ಇನ್ನೊಂದು ಹುಲ್ಲುಕಡ್ಡಿ ಹೇರುವ ಧೈರ್ಯ ಅವನಿಗಿರಲಿಲ್ಲ.

ಶಂಭುಲಿಂಗಪ್ಪನವರು ಬಂದವರೇ ಗಾಡಿ ಹತ್ತಿ ಊರ ಸುತ್ತ ಒಂದು ಸುತ್ತು ಹಾಕಿದರು. ತಿರುಗಿ ಬಂದು ಜಗಲಿಯಲ್ಲಿ ಕುಳಿತು ಚಹಾದ ಬಸಿ ಎತ್ತಿದರು.

"ಗಾಡಿ ಹೂವಾಗೇತಿ ನೋಡ್ರಿ ಅಳಿಯಾರ."

ಗೌರೀಶನಿಗೆ ಹೋದ ಜೀವ ಬಂತು.

"ಸ್ಟೇಶನ್ನಿನಾಗ ಕೃಷ್ಣಾಜಿ ಮಾಸ್ತರು ಭೆಟ್ಟಿ ಆಗಿದ್ರು. ಗಾಲಿ ಸುದ್ದಿ ಏನೂ ಹೇಳೂದಿಲ್ಲಂದ್ರು. ಕಾಳಿ ಎರಡಕ್ಕ ಎಷ್ಟು ಚಂದ ಕೂಡಿತ್ತು, ಅದನ್ನಷ್ಟ ಹೇಳಿದ್ರು."

ಬಂದ ಜೀವ ಮತ್ತೆ ಹೋಯಿತು. ಗೌರೀಶ ಮಾವನ ಕಾಲ ಹತ್ತಿರ ಕುಕ್ಕರಿಸಿದ. "ಮಾವಾರ, ತಪ್ಪಾತ್ರಿ. ಹಿಂಡಿ ಹೇರಿ ಕಡ್ಡಿ ಮುರದೆ. ಕೈ ಮುಗೀತೇನ್ರಿ, ದಾನೇಶ್ವರಿ ಮದುವ್ಯಾಗ ಮಾತ್ರ ಹೇಳಬ್ಯಾಡ್ರಿ."

ಶಂಭುಲಿಂಗಪ್ಪನವರು ಒಳಗೆ ಮಗಳಿದ್ದಾಳೇನೋ ಎಂದು ನೋಡಿ, ದನಿ ಇಳಿಸಿದರು.

"ನೀವೆಲ್ಲಿ ಮುರದ್ರಿ? ಸಡ್ಲಾಗಿ ಆರು ತಿಂಗಳಾಗಿತ್ತು. ನಮ್ಮೂರಾಗ ಮೂರ್ ಸರೆ ತೋರಿಸಿದೆ, ಡೊಂಕು ಹೋಗಲೇ ಇಲ್ಲ. ನಾ ನಿಂತು ಮಾಡಿಸಿದ್ರ ಮನಸಿಟ್ಟು ಮಾಡೂದಿಲ್ಲ. ಅಂಜಿದ ಅಳಿಯ ನಿಂತು ಮಾಡಿಸಿದ್ರ ನೆಟ್ಟಗ ಆಗತೈತಿ. ಹಿರೇ ಅಳಿಯಾರು ಎರಡು ದಿನ ಒಯ್ದು ಬ್ರೇಕ್ ಹೊಸಾದು ಮಾಡಿ ತಂದ್ರು. ಇವತ್ತಿನ ತನಕಾ ಬಾಯಿ ಬಿಟ್ಟಿಲ್ಲ."

ಗೌರೀಶನಿಗೆ ಒಂದು ಆಸೆ ಚಿಗುರಿತು. "ಹಂಗಾರ ಮದುವ್ಯಾಗ ಹೇಳೂದಿಲ್ಲಲ್ರಿ?"

"ಹೇಳಲಿಲ್ಲಂದ್ರ ಹೆಂಗ್ರಿ?" ಶಂಭುಲಿಂಗಪ್ಪನವರು ಬಸಿಯಲ್ಲಿ ಉಳಿದ ಚಹಾ ಸೊರ್ರೆಂದು ಮುಗಿಸಿದರು. "ಪೇಟಿ ಹಚ್ಚಿ ಗಾಲಿ ಕಟ್ಟಿಸಿದ್ದನ್ನ ಪೂರಾ ಹೇಳಬೇಕು. ಹೊಸಾ ಅಳಿಯಾಗ ಅಂಜಿಕಿ ಹುಟ್ಟಬ್ಯಾಡೇನು? ಎಂಜಿನ್ ಕೆಲಸ ಇನ್ನೂ ಬಾಕಿ ಐತಿ."