ಭಾವನ ಕಾರಿನ ಗಂಟಲು

ನಮ್ಮ ಭಾವನ ಪುಟ್ಟ ಕಾರಿಗೆ ಗಂಟಲು ಕಟ್ಟಿದೆ ಎಂದು ಭಾವ ಹೇಳುತ್ತಿದ್ದರು. ಕಟ್ಟಿರುವುದು ಕಾರಿನ ಗಂಟಲಲ್ಲ, ನಿಮ್ಮ ಕಿವಿ ಎಂದು ನಾವು ಯಾರೂ ಹೇಳಲಿಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ತಲೆ ನರೆಸಿಕೊಂಡವರ ಮುಂದೆ ಕಿವಿಯ ಮಾತೆತ್ತುವುದೆಂದರೆ ಅಕ್ಕಸಾಲಿಗನ ಮುಂದೆ ಕಣ್ಣಿನ ಮಾತೆತ್ತಿದ ಹಾಗೆ. ನಮ್ಮಲ್ಲಿ ಕೊಬ್ಬರಿ ಆರಿಸುವುದು ಕಿವಿಯಿಂದ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಗಿಟುಕು ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಇನ್ನೂ ಅಂಟಿಕೊಂಡಿದ್ದರೆ ಸದ್ದಿಲ್ಲ.

ಒಂದು ವರ್ಷದಿಂದ ಭಾವ ಅಲ್ಲಾಡಿಸಿದ ಕಾಯಿಗಳೆಲ್ಲ ಮೌನವ್ರತ ಹಿಡಿದಿದ್ದವು. "ಈ ಸಲ ಕಾಯಿ ಒಣಗೇ ಇಲ್ಲ" ಎಂದು ಎಲ್ಲವನ್ನೂ ಅಟ್ಟಕ್ಕೆ ವಾಪಸ್ ಕಳಿಸುತ್ತಿದ್ದರು. ಮಧ್ಯಾಹ್ನ ಅವರು ಉಂಡು ಮಲಗಿದ ಮೇಲೆ ನನ್ನಕ್ಕ ಸೆರಗು ಸಿಕ್ಕಿಸಿಕೊಂಡು ಅಟ್ಟ ಹತ್ತಿ, ಅವೇ ಕಾಯಿಗಳನ್ನು ಅಲ್ಲಾಡಿಸಿ, ಗಡಗಡ ಎನ್ನುವವನ್ನೆಲ್ಲ ಕೆಳಗಿಳಿಸಿ ಮೂಟೆ ಪಕ್ಕ ರಾಶಿ ಹಾಕುತ್ತಿದ್ದಳು. ಸಂಜೆ ಭಾವ ರಾಶಿ ನೋಡಿ, "ಮಧ್ಯಾಹ್ನದ ಬಿಸಿಲು ಜೋರಾಗೈತೆ" ಎಂದು ಸಮಾಧಾನಪಡುತ್ತಿದ್ದರು. ಅಟ್ಟಕ್ಕೆ ಬಿಸಿಲು ಎಲ್ಲಿಂದ ಬಂತು? ಕೇಳುವವರಿರಲಿಲ್ಲ.

ವ್ಯಾಪಾರ ಹೀಗೆ ಹೇಗೋ ಸಾಗುತ್ತಿತ್ತು. ಮನೆಯೊಳಗಿನ ಮಾತು ಮಾತ್ರ ನಿಂತುಹೋಯಿತು. ಅಕ್ಕನದು ಹುಟ್ಟಾ ಮೆಲುದನಿ. ಮೆಲ್ಲಗೆ ಹೇಳಿದರೆ ಭಾವನಿಗೆ ಮುಟ್ಟದು, ಗಟ್ಟಿಯಾಗಿ ಹೇಳಿದರೆ, "ಯಾಕೆ ಬೈತೀಯ, ನಾನೇನು ಕಿವುಡನಾ?" ಎಂದು ಮುಖ ತಿರುಗಿಸುತ್ತಿದ್ದರು. ಕಡೆಗೆ ಅಕ್ಕ ಗಂಡನ ಹತ್ತಿರ ಆಡುವ ಮಾತು ಕಾಫಿ, ಸ್ನಾನ, ಊಟಕ್ಕೆ ಬಂದು ನಿಂತಿತು. ಪಕ್ಕದ ಬೀದಿಯಲ್ಲಿರುವ ನನ್ನ ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಾ, ಮಿಕ್ಕ ಮಾತನ್ನೆಲ್ಲ ನನಗೆ ಹೇಳುತ್ತಿದ್ದಳು. ಒಂದು ದಿನ ಸುಲಿಯುವುದನ್ನು ನಿಲ್ಲಿಸಿ, "ಇದೆಲ್ಲ ಅವರಿಗೆ ಹೇಳ್ಬೇಕಾದ್ದು ಕಣೇ. ನಿನಗೆ ಹೇಳ್ತಾ ಕೂತಿದೀನಿ" ಎಂದಳು.

ನಾನೇ ಧೈರ್ಯ ಮಾಡಿ, ಡಾಕ್ಟರ ಹತ್ತಿರ ಒಮ್ಮೆ ತೋರಿಸಿಬಿಡೋಣ ಭಾವ, ಎಂದೆ. ಭಾವ ಬಹಳ ಗಂಭೀರವಾಗಿ ಒಪ್ಪಿದರು. ಮರುದಿನ ಬೆಳಗ್ಗೆ ನನ್ನನ್ನೂ ಕೂರಿಸಿಕೊಂಡು ಹೋಗಿ ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿದರು!

ಮೊದಲೆಲ್ಲ ಗುರ್ ಅನ್ನುತ್ತಿತ್ತು, ಈಗ ಉಸಿರೇ ಬಿಡುತ್ತಿಲ್ಲ ಎಂಬುದು ಭಾವನ ದೂರು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. ಎಲ್ಲ ಸರಿಯಾಗಿತ್ತು. ಅವನು ನನ್ನ ಮುಖ ನೋಡಿದ, ನಾನು ಟೈರ್ ನೋಡಿದೆ. ಅರ್ಥ ಮಾಡಿಕೊಂಡ ಆ ಪುಣ್ಯಾತ್ಮ, ಇಂಜಿನ್ ಗಾಳಿ ಎಳೆದುಕೊಳ್ಳುವ ಮೂಗು ಒಂದಿರುತ್ತದೆ, ಅದಕ್ಕೆ ಏರ್ ಇನ್‌ಟೇಕ್ ಅನ್ನುತ್ತಾರೆ, ಬೇಲೂರಿನ ಅಂಗಡಿಯಲ್ಲಿ ಬೇರೆ ಬೇರೆ ನಮೂನೆ ಸಿಗುತ್ತವೆ, ಬೇಕಾದರೆ ಬದಲಾಯಿಸಿ ಎಂದ. ಭಾವನ ಮುಖ ಅರಳಿತು. ಆ ಭಾನುವಾರವೇ ಅಕ್ಕ, ನಾನು, ಭಾವ, ಚಿತ್ರಾನ್ನದ ಡಬ್ಬಿ, ಎಲ್ಲ ಬೇಲೂರಿಗೆ ಹೊರಟೆವು.

ಅಂಗಡಿಯವನು ಮೂರು ನಮೂನೆ ತೆಗೆದಿಟ್ಟ. ಮೊದಲನೆಯದು ಹಳೆಯ ಕರಿ ಪೆಟ್ಟಿಗೆಯೊಳಗೇ ಕೂರುವ ಚಪ್ಪಟೆ ಫಿಲ್ಟರ್. ಭಾವ ಅದನ್ನು ಕೈಗೆತ್ತಿಕೊಂಡು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. "ಬಲಿತಿಲ್ಲ" ಎಂದು ಕೆಳಗಿಟ್ಟರು. ಅಂಗಡಿಯವನು ತಬ್ಬಿಬ್ಬಾಗಿ, "ಸಾರ್, ಇದನ್ನ ಅಲ್ಲಾಡಿಸಿ ನೋಡಲ್ಲ" ಎಂದ.

"ಅಲ್ಲಾಡಿಸ್ದೆ ತಗೊಂಡೋನು ಉದ್ಧಾರ ಆಗಿಲ್ಲ ಕಣಯ್ಯ."

ಎರಡನೆಯದು ಉದ್ದನೆಯ ಕೊಳವೆ. ಬಂಪರ್‌ನ ಹತ್ತಿರ, ಕೆಳಗಿನಿಂದ ತಣ್ಣನೆ ಗಾಳಿ ಎಳೆದುಕೊಳ್ಳುವಂಥದ್ದು. ಮೂಗು ಮೊಣಕಾಲಲ್ಲಿದ್ದರೆ ಹಳ್ಳದ ನೀರು ಕುಡಿಯುವುದಿಲ್ಲವೇ ಎಂದು ಭಾವ ಕೇಳಿದರು. ಅಂಗಡಿಯವನು ಅದನ್ನು ತಾನಾಗಿಯೇ ಎತ್ತಿಟ್ಟ.

ಮೂರನೆಯದು ಪೆಟ್ಟಿಗೆಯೇ ಇಲ್ಲದ, ಬರೀ ಮೈಯಲ್ಲಿ ಕೂರುವ ಕೆಂಪು ಕೋನ್. ಹೆಚ್ಚು ಕಡಿಮೆ ಸುಲಿದ ತೆಂಗಿನಕಾಯಿಯಷ್ಟೇ ಗಾತ್ರ. ಭಾವ ಅಲ್ಲಾಡಿಸಿದರು. ಗಡಗಡ! ಅದನ್ನು ಬಿಗಿಯುವ ಕಬ್ಬಿಣದ ಪಟ್ಟಿಯನ್ನೂ ಸ್ಕ್ರೂಗಳನ್ನೂ ಪ್ಯಾಕ್ ಮಾಡುವವರು ಅದರೊಳಗೇ ಹಾಕಿಟ್ಟಿದ್ದರು. ಭಾವ ಇನ್ನೊಮ್ಮೆ ಅಲ್ಲಾಡಿಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ. ಎಷ್ಟೋ ಕಾಲದ ಮೇಲೆ ಅವರ ಕಿವಿಗೆ ಒಂದು ಗಿಟುಕು ಉರುಳಿತ್ತು.

"ಇದು ಒಣಗೈತೆ" ಎಂದರು.

ಇದರಿಂದ ಓಟಕ್ಕಿಂತ ಸದ್ದೇ ಜಾಸ್ತಿ, ಧೂಳೂ ಹಿಡಿಯುತ್ತದೆ, ಆಗಾಗ ಒಗೆದು ಹಾಕಬೇಕು ಎಂದು ಅಂಗಡಿಯವನು ಪ್ರಾಮಾಣಿಕವಾಗಿ ಹೇಳಿದ. ಬೇಡ ಅನ್ನು ಎಂದು ನಾನು ಅಕ್ಕನ ಮೊಣಕೈ ತಿವಿದೆ. ಅಕ್ಕ ಭಾವನ ಮುಖವನ್ನೇ ನೋಡುತ್ತಿದ್ದಳು. "ಹಾಕಿಸ್ಕೊಳ್ಲಿ ಬಿಡೇ" ಎಂದಳು.

ಹಾಕಿಸಿದ್ದಾಯಿತು. ಕಾರು ಹೊರಟಾಗ ಬೇಲೂರಿನ ಬೀದಿಯಲ್ಲಿ ಜನ ಲಾರಿ ಬಂತೆಂದು ಪಕ್ಕಕ್ಕೆ ಸರಿದು, ನಮ್ಮ ಬೆಂಕಿಪೊಟ್ಟಣದಂಥ ಕಾರು ಹಾದುಹೋಗುವುದನ್ನು ನೋಡಿ ಮತ್ತೆ ಹಿಂದಕ್ಕೆ ನೋಡಿದರು, ಲಾರಿ ಇನ್ನೂ ಬರಬೇಕೇನೋ ಎಂದು. ಭಾವ ಮಾತ್ರ, ಈಗ ಸ್ವಲ್ಪ ಪರವಾಗಿಲ್ಲ ಎಂದರು.

ಹಳೇಬೀಡಿನಲ್ಲಿ ಬಸದಿಯ ಅಂಗಳದಲ್ಲಿ ಕೂತು ಚಿತ್ರಾನ್ನ ಬಿಚ್ಚಿದೆವು. ಇಂಜಿನ್ ಆರಿಸಿದ ಮೇಲೆ ನನ್ನ ಕಿವಿಯೇ ಗುಂಯ್ ಎನ್ನುತ್ತಿತ್ತು. ಎಂಥ ತಂಪು ಅಲ್ವಾ, ಎಂದು ಅಕ್ಕ ಗಂಡನಿಗೆ ಹೇಳಿದಳು. ಭಾವ ಸುಮ್ಮನೆ ಹುಲ್ಲಿನ ಕಡೆ ನೋಡುತ್ತಿದ್ದರು. ಅವಳು ಎರಡನೇ ಸಲ ಹೇಳಲಿಲ್ಲ. ಡಬ್ಬಿಯ ಮುಚ್ಚಳ ಒರೆಸಿದಳು.

ಮತ್ತೆ ಹೊರಟೆವು. ಆ ಗದ್ದಲದಲ್ಲಿ ಯಾರು ಏನು ಹೇಳಬೇಕಾದರೂ ಅರಚಲೇಬೇಕು. ಜಾವಗಲ್ ಬರುವ ಮುಂಚೆ ಅಕ್ಕ ಗಂಟಲೆತ್ತಿ, ಸೌತೆಕಾಯಿ ಕಂಡರೆ ನಿಲ್ಲಿಸಿ ಎಂದಳು. ಎಳೆಯದು ಸಿಕ್ಕರೆ ತಗೊಳ್ಳೋಣ ಎಂದು ಭಾವ ಅಷ್ಟೇ ಗಟ್ಟಿಯಾಗಿ ಹೇಳಿದರು.

ಅಕ್ಕ ಹಿಂದೆ ತಿರುಗಿ ನನ್ನನ್ನು ನೋಡಿದಳು. ಅವರಿಗೆ ಕೇಳಿಸಿತ್ತು. ಬೈದ ಹಾಗೂ ಅನ್ನಿಸಿರಲಿಲ್ಲ. ಆ ಕಾರಿನಲ್ಲಿ ಎಲ್ಲರೂ ಅರಚುವವರೇ, ಕಿವುಡರು ಯಾರೂ ಇಲ್ಲ. ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಎದುರುಮನೆಯವರ ಮಗಳಿಗೆ ಗಂಡು ಗೊತ್ತಾದದ್ದು, ಬಚ್ಚಲ ಹಂಡೆ ಸೋರುವುದು, ಮಾಲೇಕಲ್ಲು ಬೆಟ್ಟದ ಮೆಟ್ಟಿಲಲ್ಲಿ ಮಂಡಿ ಹಿಡಿದದ್ದು, ಒಂದು ವರ್ಷ ಅಟ್ಟದ ಮೇಲಿಟ್ಟ ಮಾತೆಲ್ಲ ಕೆಳಗಿಳಿಯಿತು. ಭಾವ ಎಲ್ಲಕ್ಕೂ ಉತ್ತರ ಕೊಟ್ಟರು. ಅರಸೀಕೆರೆ ಹತ್ತಿರವಾಗುತ್ತಿದ್ದಾಗ ಅಕ್ಕ ಕೂಗಿ ಹೇಳಿದಳು:

"ಕಾಯಿ ಆರಿಸ್ತಾ ಇದ್ದೋಳು ನಾನು ಕಣ್ರೀ."

ಭಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಕಣೇ. ನೀನು ಆರಿಸಿದ್ರಲ್ಲಿ ಒಂದೂ ಹಸೀದಿರ್ಲಿಲ್ಲ."

ಮುಂದಿನ ಸರ್ವಿಸ್‌ನಲ್ಲಿ ಮೆಕ್ಯಾನಿಕ್, ಕೊಬ್ಬರಿ ಅಂಗಳದ ಧೂಳಿಗೆ ಈ ಕೋನ್ ಒಳ್ಳೆಯದಲ್ಲ, ಹಳೆಯ ಪೆಟ್ಟಿಗೆಯನ್ನೇ ಕೂರಿಸಿಬಿಡುತ್ತೇನೆ ಎಂದನಂತೆ. ಅದೇ ಇರಲಿ, ನಾನೇ ಒಗೆದು ಕೊಡುತ್ತೇನೆ ಎಂದಳಂತೆ ಅಕ್ಕ. ಈಗ ಅವಳ ಮಹಡಿಯ ಮೇಲೆ ಸಂಡಿಗೆಯ ಪಕ್ಕದ ನೆರಳಲ್ಲಿ ಆಗಾಗ ಒಂದು ಕೆಂಪು ಕೋನ್ ಒಣಗುತ್ತಿರುತ್ತದೆ.

ಅವರೆಕಾಯಿ ಈಗ ನಾನೊಬ್ಬಳೇ ಸುಲಿಯುತ್ತೇನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿಟಕಿಯ ಗಾಜು ಅದುರುತ್ತದೆ. ಬೀದಿಯವರು ಆ ಹಾಳು ಕಾರು ಎಂದು ಬೈಯುತ್ತಾರೆ. ನಾನು ಮಾತ್ರ, ಅಕ್ಕ ಮಾತಾಡಲು ಹೊರಟಳು ಎಂದುಕೊಂಡು ಒಲೆ ಸಣ್ಣಗೆ ಮಾಡಿ, ಆ ಸದ್ದು ತಿರುವು ದಾಟುವವರೆಗೂ ಕೇಳುತ್ತಾ ನಿಲ್ಲುತ್ತೇನೆ.