ಚಿಕ್ಕಮ್ಮನ ಸ್ವಂತ ರೆಗ್ಯುಲೇಟರ್

ಅರಬ್ಬೀ ಸಮುದ್ರವನ್ನೂ ಒಂದು ಸಲ ತೊಳೆದು, ಒಣಗಿಸಿ, ಆಮೇಲೆ ಇಳಿಯೋಣ ಎಂದು ಹೇಳಬಲ್ಲವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಚಿಕ್ಕಮ್ಮ! ಚಿಕ್ಕಪ್ಪನಿಗೆ ಮಸ್ಕತ್ತಿನಲ್ಲಿ ಕೆಲಸವಿದ್ದಾಗ ಉಳಿದ ಹೆಂಗಸರೆಲ್ಲ ಚಿನ್ನದಂಗಡಿ ಸುತ್ತುತ್ತಿದ್ದರೆ, ಇವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳ ನೋಡಲು ಕಲಿತರು. ಈಗ ಮಂಗಳೂರಿನ ಜೆಪ್ಪುವಿನ ಫ್ಲ್ಯಾಟಿಗೆ ಬಂದು ನೆಲೆಸಿದ್ದರೂ ಆ ಹುಚ್ಚು ಬಿಟ್ಟಿಲ್ಲ.

ಹುಚ್ಚಿಗಿಂತ ದೊಡ್ಡದು ಅವರ ಎಂಜಲಿನ ಭಯ. ಅವರ ಲೋಟದಲ್ಲಿ ಚಿಕ್ಕಪ್ಪ ಕೂಡ ನೀರು ಕುಡಿಯುವಂತಿಲ್ಲ. ಹೀಗಿರುವಾಗ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರನ್ನು ಬಾಡಿಗೆಗೆ ತಂದು, ಕಂಡಕಂಡವರೆಲ್ಲ ಕಚ್ಚಿ ಬಿಟ್ಟ ರಬ್ಬರ್ ತುದಿಯನ್ನು ಇವರು ಕಚ್ಚುವುದುಂಟೇ? ಸ್ವಂತದ್ದೇ ಕೊಂಡರು. ಪ್ರತಿ ಸಲ ಸಮುದ್ರದಿಂದ ಬಂದ ಮೇಲೆ ಅದನ್ನು ಸಿಹಿನೀರಿನಲ್ಲಿ ನೆನೆಸಿ, ತೊಳೆದು, ಬಾಲ್ಕನಿಯ ಹಗ್ಗಕ್ಕೆ ನೈಟಿಗಳ ನಡುವೆ ನೇತುಹಾಕುತ್ತಾರೆ. ಕಪ್ಪು ಕೊಳವೆಗಳು ಇಳಿಬಿದ್ದಿರುವ ಆ ವಸ್ತುವನ್ನು ನೋಡಿ ಪಕ್ಕದ ಮನೆಯಾಕೆ ಒಮ್ಮೆ ಕಂಗಾಲಾದರು.

"ಎಂತ ಅಕ್ಕ, ಬೊಂಡಾಸ ಮೀನು ಒಣಗಿಸ್ಲಿಕ್ಕೆ ಹಾಕಿದ್ದಾ? ಕಾಲು ಇಷ್ಟುದ್ದ ಉಂಟಲ್ಲ! ಇಷ್ಟು ದೊಡ್ಡದು ಮೀನಿನ ದಕ್ಕೆಯಲ್ಲಿ ಸಿಕ್ಕಿತಾ?"

"ಬೊಂಡಾಸವೂ ಅಲ್ಲ, ಮೀನೂ ಅಲ್ಲ. ಅದು ನನ್ನ ಪ್ರಾಣ. ನಿಮ್ಮ ಬಟ್ಟೆಯ ನೀರು ಬೀಳದ ಹಾಗೆ ನೋಡಿಕೊಳ್ಳಿ!"

ನೀರಿಗಿಳಿಯುವ ಮೊದಲು ಜೊತೆಗಾರರಿಬ್ಬರು ಒಬ್ಬರದೊಬ್ಬರು ಬೆಲ್ಟು, ಗಾಳಿ, ಕೊಳವೆಗಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಚಿಕ್ಕಮ್ಮ ಅದನ್ನು ಸ್ಕೂಟರಿಗೂ ಹಚ್ಚಿದ್ದಾರೆ. ಬಲ್ಮಠದಲ್ಲಿ ನನ್ನ ಆಫೀಸಿನೆದುರು, ನನ್ನ ಸ್ಕೂಟರಿನ ಹಿಂದಿನ ಸೀಟಿಗೆ ಅವರು ಹತ್ತುವ ಮೊದಲು, ಹಿಂದೆ ವಾಹನಗಳು ಹಾರ್ನ್ ಹೊಡೆಯುತ್ತಿರುವಾಗ, ಈ ಪರೀಕ್ಷೆ ನಡೆಯುತ್ತದೆ.

"ಹೆಲ್ಮೆಟ್?"

"ಉಂಟು."

"ಬ್ರೇಕ್?"

"ಉಂಟು."

"ಪೆಟ್ರೋಲ್?"

"ಉಂಟು ಚಿಕ್ಕಮ್ಮ!"

"ಉಂಟು ಅಂದ್ರೆ ಆಗ್ಲಿಲ್ಲ. ತೋರಿಸು."

ಹಿಂತಿರುಗಲು ಬೇಕಾದಷ್ಟು ಗಾಳಿ ಉಳಿದಿರುವಾಗಲೇ ತಿರುಗಬೇಕು ಎಂಬುದು ಇನ್ನೊಂದು ನಿಯಮ. ಒಮ್ಮೆ ಔತಣಕ್ಕೆ ಅವರೇ ಓಡಿಸಿಕೊಂಡು ಹೊರಟಿದ್ದಾಗ ಪೆಟ್ರೋಲ್ ಮುಳ್ಳು ಅರ್ಧಕ್ಕಿಳಿಯಿತೆಂದು ಪಡೀಲಿನಲ್ಲಿ ಸ್ಕೂಟರ್ ತಿರುಗಿಸಿಯೇ ಬಿಟ್ಟರು. "ಇಲ್ಲೇ ಎದುರಿಗೆ ಪೆಟ್ರೋಲ್ ಬಂಕ್ ಉಂಟಲ್ಲ!" ಎಂದು ನಾನು ಗೋಗರೆದೆ. "ಸಮುದ್ರದ ಅಡಿಯಲ್ಲಿ ಬಂಕ್ ಉಂಟಾ? ಅಭ್ಯಾಸ ತಪ್ಪಬಾರದು" ಎಂದರು. ಕೈತಪ್ಪಿದ ಆ ಔತಣದ ಕೋರಿ ರೊಟ್ಟಿಯನ್ನು, ಅದರ ಕೋಳಿಸಾರನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಇಂಥವರ ಜೊತೆ ನಾನೇಕೆ ಸಮುದ್ರಕ್ಕಿಳಿದೆ? ಕಡಲ ಬದಿಯಲ್ಲೇ ಹುಟ್ಟಿ ಬೆಳೆದರೂ ನೀರು ಮೊಣಕಾಲು ದಾಟಿದರೆ ಹೆದರಿ ದಡಕ್ಕೆ ಓಡುವವಳು ನಾನು. ಆ ಭಯವನ್ನು ಈ ಜನ್ಮದಲ್ಲಿ ಒಮ್ಮೆಯಾದರೂ ದಾಟಬೇಕೆಂಬ ಆಸೆ. ಈಜುಕೊಳದಲ್ಲಿ ತರಬೇತಿಯಾಯಿತು. ಕೊನೆಗೊಂದು ಬೆಳಿಗ್ಗೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿ ಹೋದೆವು. ನನ್ನದೆಲ್ಲ ಬಾಡಿಗೆಯ ಸಾಮಾನು. ಚಿಕ್ಕಮ್ಮ ಅದರ ರಬ್ಬರ್ ತುದಿಯನ್ನು ಎರಡೆರಡು ಬಾರಿ ತೊಳೆಸಿ, ಅದನ್ನು ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದೆಳೆದು ನೋಡಿದರು. ಪಟ್ಟಿ ಭದ್ರವಾಗಿಯೇ ಇತ್ತು.

ಕೆಳಗೆ ಬಂಡೆಯ ಬದಿಯಲ್ಲಿ ಹಳದಿ ಮೀನುಗಳ ಹಿಂಡು. ನೋಡುತ್ತ ನೋಡುತ್ತ ನಾನು ಭಯವನ್ನೇ ಮರೆತಿದ್ದೆ! ಅಷ್ಟರಲ್ಲಿ ಆ ಭದ್ರವಾದ ಪಟ್ಟಿ ಕಡಿದುಹೋಯಿತು. ರೆಗ್ಯುಲೇಟರ್ ಕಳಚಿ ಹೋಗಿ ಬರೀ ರಬ್ಬರ್ ತುದಿ ಹಲ್ಲಿನಲ್ಲಿ ಉಳಿಯಿತು, ಬಾಯಿಗೆ ಉಪ್ಪುನೀರು ನುಗ್ಗಿತು. ತುರ್ತಿಗೆಂದು ನನ್ನ ಪಕ್ಕೆಯಲ್ಲೇ ಇನ್ನೊಂದು ರೆಗ್ಯುಲೇಟರ್ ಇತ್ತು, ಆದರೆ ಅದು ಆಗ ನೆನಪಾಗಬೇಕಲ್ಲ! ಸತ್ತೆ ಎಂದುಕೊಂಡು ಕೈಕಾಲು ಬಡಿದೆ.

ಚಿಕ್ಕಮ್ಮನ ಕೊರಳಲ್ಲೂ ಅಂಥದೇ ಒಂದು ನೇತಾಡುತ್ತಿತ್ತು. ಅವರು ಅದನ್ನು ನನಗೆ ಕೊಡಲಿಲ್ಲ. ತಮ್ಮ ಬಾಯಿಯಲ್ಲಿದ್ದುದನ್ನೇ ಕಿತ್ತು ನನ್ನ ಬಾಯಿಗಿಟ್ಟರು. ಆಮೇಲೆ ಕೊರಳಿನದನ್ನು ತಾವು ಕಚ್ಚಿದರು. ನನಗೆ ಉಸಿರು ಬಂತು. ನನ್ನ ಭುಜದ ಪಟ್ಟಿ ಹಿಡಿದು, ನನ್ನ ಮುಖದಿಂದ ಕಣ್ಣು ತೆಗೆಯದೆ, ನಿಧಾನವಾಗಿ ಮೇಲಕ್ಕೆ ಕರೆತಂದರು. ನೀರಿನ ಒತ್ತಡ ಕಡಿಮೆಯಾಗುವುದಕ್ಕೆ ಮೈ ಹೊಂದಿಕೊಳ್ಳಲೆಂದು, ಮೇಲೆ ಬರುವ ಮೊದಲು ಸ್ವಲ್ಪ ಹೊತ್ತು ನೀರಿನಲ್ಲೇ ತಡೆದು ನಿಲ್ಲಬೇಕೆಂಬ ನಿಯಮವೊಂದಿದೆ. ಅಂಥ ಹೊತ್ತಿನಲ್ಲೂ ಅಲ್ಲಿ ನಿಲ್ಲಿಸಿಯೇ ಬಿಟ್ಟರು!

ದೋಣಿ ಹತ್ತಿದ ಮೇಲೆ ಕೇಳಿದೆ. "ಬಾಯಲ್ಲಿದ್ದದ್ದನ್ನು ಯಾಕೆ ಕೊಟ್ಟದ್ದು ಚಿಕ್ಕಮ್ಮ? ಕೊರಳಲ್ಲಿ ಇನ್ನೊಂದು ಇತ್ತಲ್ಲ?"

"ಬಾಯಲ್ಲಿದ್ದದ್ದು ಸರಿ ಉಂಟು ಅಂತ ನನಗೆ ಗೊತ್ತಿತ್ತು ಮಾರಾಯ್ತಿ, ಆಗಷ್ಟೇ ಅದ್ರಲ್ಲಿ ಉಸಿರು ತೆಗೆದಿದ್ದೆ. ಕೊರಳಿನದ್ದೂ ಸರಿ ಇರಬಹುದು. ಆದ್ರೆ 'ಇರಬಹುದು' ಅನ್ನುವುದನ್ನು ನಿನಗೆ ಕೊಡ್ಲಿಕ್ಕೆ ಆಗ್ತದಾ?"

ನನಗೆ ಅಳು ಬಂತು. ಇವರನ್ನು ಆಡಿಕೊಂಡು ನಕ್ಕ ನನಗೆ ಇವರ ಮೇಲೆ ಇಷ್ಟೊಂದು ಪ್ರೀತಿ ಇತ್ತೆಂದು ಅಂದೇ ಗೊತ್ತಾದದ್ದು. ಮೂಗು ಒರೆಸಿಕೊಂಡು, "ಬೇರೆ ರೆಗ್ಯುಲೇಟರ್ ಹಾಕಿಸಿ ಇನ್ನೊಮ್ಮೆ ಇಳಿಯುವಾ?" ಎಂದೆ. ಧೈರ್ಯ ತೋರಿಸಲು ಕೇಳಿದ್ದಲ್ಲ, ನನಗೆ ನಿಜವಾಗಿಯೂ ಆ ಮೀನುಗಳನ್ನು ಮತ್ತೆ ನೋಡಬೇಕಿತ್ತು.

"ಇಳಿಯುವಾ. ಸ್ವಲ್ಪ ಕೂತುಕೋ, ಕೈ ನಡುಗುವುದು ನಿಲ್ಲಲಿ."

"ನನ್ನ ಕೈ ಸರಿ ಉಂಟು ಚಿಕ್ಕಮ್ಮ."

"ನಿನ್ನದಲ್ಲ, ನನ್ನದು."

ಆ ಎರಡೂ ಕೈಗಳನ್ನು ಹಿಡಿದುಕೊಂಡು ಅವರ ಪಕ್ಕದಲ್ಲಿ ಕುಳಿತೆ.